ಹಿಟ್ಟಿನ ಹೆಬ್ಬೆಟ್ಟು

ಕರೆಂಟು ಹೋದರೆ ವಿನೋಬನಗರವೆಲ್ಲ ಶಾಪ ಹಾಕುತ್ತದೆ.
ನಾನು ಮಾತ್ರ ಗಿರಣಿಯ ಬೆಲ್ಟು ಪೂರಾ ನಿಲ್ಲುವ ತನಕ ಕಾದು
ಗಲ್ಲಾಪೆಟ್ಟಿಗೆಯ ಕೆಳಗಿಂದ ಪುಸ್ತಕ ತೆಗೆಯುತ್ತೇನೆ.
ಸಾಲಿನಲ್ಲಿ ಡಬ್ಬಿ, ಪುಟ್ಟಿ, ಗೊಬ್ಬರದ ಚೀಲ,
ಮೇಲೆ ಚೀಟಿ: ಜೋಳ, ನುಣ್ಣಗೆ. ಗೋಧಿ, ರವೆ.
ಯಾವುದಕ್ಕೂ ಈಗ ಅವಸರವಿಲ್ಲ.

ಶಾಖಾ ಗ್ರಂಥಾಲಯದ ಕರಿಬಸಪ್ಪನವರದು ಒಂದೇ ತಕರಾರು:
"ಹಾಲಮ್ಮ, ನೀನು ಪುಸ್ತಕ ಓದ್ತೀಯೋ, ರೊಟ್ಟಿ ಬಡೀತೀಯೋ?"
ಪುಟದ ಮೂಲೆಗೆಲ್ಲ ನನ್ನ ಬಿಳಿ ಹೆಬ್ಬೆಟ್ಟು.

ಮೊದಲು ಒಯ್ದದ್ದು ಕೊಲೆಯ ಕತೆ.
ಕೊನೆಯ ಹದಿನಾರು ಪುಟ ಯಾರೋ ಹರಿದುಕೊಂಡಿದ್ದರು.
ಮೂರು ವಾರ ಎಲ್ಲರ ಮೇಲೂ ಗುಮಾನಿ:
ಎಡಗೈಯಲ್ಲಿ ಚಿಲ್ಲರೆ ಎಣಿಸುವ ಮಂಡಕ್ಕಿ ಭಟ್ಟಿಯ ದಾದಾಪೀರ್,
ಅರ್ಧ ಕಿಲೋ ಗೋಧಿಗೆ ಎರಡೆರಡು ಸಲ ಬಂದು ಹೋದ ಡ್ರಿಲ್ ಮೇಷ್ಟ್ರು.
ಇಷ್ಟೇಕೆ, ಗಂಡನ ಅಂಗಿಯಲ್ಲಿ ಗುಂಡಿ ಇಲ್ಲದ್ದನ್ನು
ಬಾಗಿಲ ಬೆಳಕಿಗೆ ಹಿಡಿದು ನೋಡಿದೆ.
"ಬೆಲ್ಟಿಗೆ ಸಿಕ್ಕು ಕಿತ್ತಿದ್ದು, ನೀನೇ ಇದ್ದೆಲ್ಲ?" ಅಂದರು.
ಕೊಲೆಗಾರ ಇಂದಿಗೂ ಸಿಕ್ಕಿಲ್ಲ.
ಕತೆಯ ಇನ್‌ಸ್ಪೆಕ್ಟರ್ ರಿಟೈರ್ ಆಗಿರಬೇಕು,
ನಾನೊಬ್ಬಳು ಇನ್ನೂ ಡ್ಯೂಟಿಯ ಮೇಲಿದ್ದೇನೆ.

ಪ್ರೇಮದ ಕಾದಂಬರಿಗಳನ್ನು ನಂಬುವುದಿಲ್ಲ ನಾನು.
ನಾಯಕಿ ಅತ್ತರೆ ಮೂಗು ಸೋರುವುದಿಲ್ಲ,
ನಾಯಕ ಯಾವ ತಿಂಗಳೂ ಬಾಡಿಗೆ ಕಟ್ಟುವುದಿಲ್ಲ.
ಹೀಗೆ ಬೈಯುತ್ತಲೇ ಎಪ್ಪತ್ತು ಮುಗಿಸಿದ್ದೇನೆ.
ಒಂದರಲ್ಲಿ, ಅವನು ಕೊಡೆ ಹಿಂದಕ್ಕೆ ಕೊಟ್ಟಾಗ
ಹಿಡಿಕೆ ಇನ್ನೂ ಬೆಚ್ಚಗಿತ್ತು ಅಂತ ಇತ್ತು.
ಅವತ್ತು ಗುತ್ಯಮ್ಮನ ರಾಗಿಯನ್ನು ಕಡಲೆಯ ಕಲ್ಲಿಗೆ ಸುರಿದೆ.
ಕಲ್ಲು ಸವೆದಿದೆ ಅಂತ ಸುಳ್ಳು ಹೇಳಿದೆ.

ದೊಡ್ಡವರ ಆತ್ಮಕತೆಯಲ್ಲಿ ಹೆಂಡತಿಯನ್ನು ಹುಡುಕುತ್ತೇನೆ.
ಎಂಟನೇ ಅಧ್ಯಾಯದ ಹತ್ತಿರ ಸಿಗುತ್ತಾಳೆ:
ಅವಳ ಸಹಕಾರ ಮರೆಯಲಾರೆ.
ಪುಟ ತಿರುವಿದರೆ ಮರೆತಿರುತ್ತಾರೆ.

ಪ್ರವಾಸ ಬರೆದವರ ಮೇಲೆ ಬರೀ ಹೊಟ್ಟೆಕಿಚ್ಚು.
ನಾರ್ವೆಯ ಹಿಮಕ್ಕೆ ನಲವತ್ತು ಪುಟ,
ಅಲ್ಲಿ ಹಿಟ್ಟು ಎಲ್ಲಿ ಬೀಸಿಸುತ್ತಾರೆ, ಒಂದು ಸಾಲಿಲ್ಲ.
ಆದರೂ ಏಪ್ರಿಲ್ಲಿನ ಮಧ್ಯಾಹ್ನ, ತಲೆಯ ಮೇಲೆ ತಗಡು ಕಾಯುವಾಗ,
ರೆಪ್ಪೆಯ ಮೇಲೆ ಕೂತ ಬಿಳುಪನ್ನು
ಸ್ವಲ್ಪ ಹೊತ್ತು ಒರೆಸಿಕೊಳ್ಳಲಿಲ್ಲ.

ಕವನ ಸಂಕಲನ ಯಾರೂ ಒಯ್ಯುವುದಿಲ್ಲ.
ಕರಿಬಸಪ್ಪನವರು ಒಂದನ್ನು
ಮೇಜಿನ ಕುಂಟುಕಾಲಿಗೆ ಒತ್ತು ಕೊಟ್ಟಿದ್ದರು.
ಬೇಡಿ ಬಿಡಿಸಿಕೊಂಡೆ. ಬದಲಿಗೆ ಹಳೇ ಬೆಲ್ಟಿನ ತುಂಡು ಕೊಟ್ಟೆ.
ಅರ್ಧ ಅರ್ಥವಾಯಿತು, ಅದನ್ನು ಮರೆತೂಬಿಟ್ಟೆ.
ಆಗದ ಅರ್ಧ,
ಹಲ್ಲಿನ ಸಂದಿಗೆ ಸಿಕ್ಕ ಜೋಳದ ಹೊಟ್ಟು,
ರಾತ್ರಿಯೆಲ್ಲ ನಾಲಿಗೆ ಅಲ್ಲಿಗೇ.

ಅವ್ವ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು.
ಒತ್ತಿದ ಮೇಲೆ ಶಾಯಿಯನ್ನು ತಲೆಗೂದಲಿಗೆ ಒರೆಸಿ
ಯಾರಾದರೂ ಕಂಡರೇನೋ ಅಂತ ಹಿಂದೆ ನೋಡುತ್ತಿದ್ದಳು.
ಸಾಲಿನಲ್ಲಿ ಅವಳ ಹಿಂದೆ ನಾನೇ ಇರುತ್ತಿದ್ದೆ,
ಎರಡನೇ ಕ್ಲಾಸಿನ ಪುಸ್ತಕ ಹಿಡಿದು.

ಮೊನ್ನೆ ಅದೇ ಸಂಕಲನ ಮತ್ತೆ ತಂದೆ.
ನಾನು ಸಿಕ್ಕಿಕೊಂಡಿದ್ದ ಪುಟ, ಮೂಲೆಯಲ್ಲಿ ನನ್ನ ಬಿಳಿ ಗುರುತು.
ಪಕ್ಕದಲ್ಲಿ ಇನ್ನೊಂದು.
ಎಣ್ಣೆಯದು.
ಮೂಸಿದೆ: ಮಿರ್ಚಿ.
ಎಣ್ಣೆ ಹೀರಿ ಕಾಗದ ತೆಳ್ಳಗಾಗಿ
ಆಚೆ ಪುಟದ ಅಕ್ಷರ ಉಲ್ಟಾ ಕಾಣುತ್ತಿದ್ದವು, ಹೆಬ್ಬೆಟ್ಟಿನಷ್ಟು ಜಾಗದಲ್ಲಿ.
ಅವರೂ ಇಲ್ಲಿ ನಿಂತಿದ್ದಾರೆ.
ಬಜ್ಜಿ ತಣ್ಣಗಾಗುವಷ್ಟು ಹೊತ್ತಾದರೂ ನಿಂತಿದ್ದಾರೆ.

ಕರೆಂಟು ಬಂತು. ಕಲ್ಲು ತಿರುಗಿತು.
ಡಬ್ಬಿಯ ಹಿಂದೆ ಡಬ್ಬಿ.
ಈ ಊರಲ್ಲಿ ಮಿರ್ಚಿ ತಿನ್ನದವರು ಯಾರಿದ್ದಾರೆ?
ಚಿಲ್ಲರೆ ತಗೊಳ್ಳುವಾಗ
ಒಬ್ಬೊಬ್ಬರ ಹೆಬ್ಬೆರಳನ್ನೂ ನೋಡುತ್ತಿದ್ದೇನೆ.
"ಏನು ಹುಡುಕ್ತೀ ಕೈಯಾಗೆ?" ಅಂತಾಳೆ ಗುತ್ಯಮ್ಮ.
ಅವಳ ಬೆರಳೂ ಮಿನುಗುತ್ತಿದೆ.